ತೊಗರಿ ಗೋದಾಮಿನಲ್ಲಿ ಛರ್ರೆಯ ವೇಗ: ಒಂದು ವೇಗಮಾಪಕವನ್ನು ಕಟ್ಟಿ ತಿದ್ದಿದ ದಾಖಲೆ

ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಕಲಬುರಗಿಯ ಗುಡಿಯ ಸುತ್ತಲಿನ ಬಯಲಿನಲ್ಲಿ ಬಲೂನು ಒಡೆಯುವ ಅಂಗಡಿಗಳು ಸಾಲಾಗಿ ನಿಲ್ಲುತ್ತವೆ. ಅಂಥದೊಂದು ಅಂಗಡಿಯ ಮುಂದೆ, ನನ್ನ ಬಳಿ ಪಿಯುಸಿ ಎರಡನೆಯ ವರ್ಷದ ಭೌತಶಾಸ್ತ್ರ ಓದುತ್ತಿದ್ದ ಹುಡುಗನೊಬ್ಬ ನನ್ನನ್ನು ನಿಲ್ಲಿಸಿ ಕೇಳಿದ: "ಸರ್, ಒಂದು ಕಿಲೋಮೀಟರ್ ದೂರದಾಗಿನ ಗುರಿಗೆ ಹೊಡೀಬೇಕಂದ್ರ ಗುಂಡು ಎಷ್ಟು ಕೆಳಗ ಬೀಳತದ ಅನ್ನೋದಕ್ಕ ನಮ್ಮ ಪುಸ್ತಕದ ಸೂತ್ರ ಹಾಕಿದ್ರ ಸರಿ ಬರ್ತದೇನ್ರಿ?" ಅವನು ಎನ್‌ಸಿಸಿ ಶಿಬಿರದಲ್ಲಿ 25 ಮೀಟರ್ ಗುರಿಗೆ ಗುಂಡು ಹಾರಿಸಿ ಬಂದಿದ್ದ. ಸರಿ ಬರುವುದಿಲ್ಲ ಎಂದು ಹೇಳಿ ಅಲ್ಲಿಯೇ ಲೆಕ್ಕ ಹಾಕಿ ತೋರಿಸಿದೆ. ಸೆಕೆಂಡಿಗೆ 790 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುವ, 7.8 ಮಿ.ಮೀ. ವ್ಯಾಸದ, 11.3 ಗ್ರಾಂ ತೂಕದ ಗುಂಡು ಗಾಳಿಯೇ ಇಲ್ಲದ ಜಾಗದಲ್ಲಿ 1000 ಮೀಟರನ್ನು 1.27 ಸೆಕೆಂಡಿನಲ್ಲಿ ಕ್ರಮಿಸಿ, ನಳಿಗೆಯ ನೇರಕ್ಕಿಂತ 7.8 ಮೀಟರ್ ಕೆಳಗೆ ಬೀಳಬೇಕು. ನಿಜವಾಗಿ ಅದು 1.8 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು 12 ಮೀಟರಿಗಿಂತಲೂ ಹೆಚ್ಚು ಕೆಳಗೆ ಬೀಳುತ್ತದೆ. ಈ ವ್ಯತ್ಯಾಸವೆಲ್ಲ ಗಾಳಿಯದು. ಹುಡುಗ ತಲೆಯಾಡಿಸಿದ, ಆದರೆ ಒಪ್ಪಿದಂತೆ ಕಾಣಲಿಲ್ಲ. ಗಾಳಿ ಅಷ್ಟು ಮಾಡುತ್ತದೆಂಬುದನ್ನು ನಾವು ಅಳೆದು ನೋಡಬಹುದೇ ಎಂಬ ಅವನ ಎರಡನೆಯ ಪ್ರಶ್ನೆಯಿಂದ ಈ ಕೆಲಸ ಶುರುವಾಯಿತು.

ದೂರದ ಗುರಿಯ ರೈಫಲ್ ಆಗಲಿ, ಅದಕ್ಕೆ ಬೇಕಾದ ಪರವಾನಗಿಯಾಗಲಿ, ಕಿಲೋಮೀಟರುಗಟ್ಟಲೆ ಸುರಕ್ಷಿತ ಬಯಲಾಗಲಿ ನನ್ನ ಬಳಿ ಇಲ್ಲ. ಇರುವುದು ಸ್ಪ್ರಿಂಗಿನಿಂದ ನಡೆಯುವ 0.177 ಇಂಚು ಅಳತೆಯ ಒಂದು ಹಳೆಯ ಏರ್ ರೈಫಲ್ ಮತ್ತು 0.53 ಗ್ರಾಂ ತೂಗುವ ಚಪ್ಪಟೆ ಮೂತಿಯ ಛರ್ರೆಗಳು, ಅಂದರೆ ಸೀಸದ ಪುಟ್ಟ ಗುಂಡುಗಳು. ಆದರೆ ಗಾಳಿಯ ತಡೆಯ ನಿಯಮ ಎರಡಕ್ಕೂ ಒಂದೇ. ತಡೆಯ ಬಲವು ಗಾಳಿಯ ಸಾಂದ್ರತೆ, ಎದುರಿನ ವಿಸ್ತೀರ್ಣ, ತಡೆ ಗುಣಾಂಕ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧದಷ್ಟಿರುತ್ತದೆ. ಇದನ್ನು ದ್ರವ್ಯರಾಶಿಯಿಂದ ಭಾಗಿಸಿ ಸರಿಸಿದರೆ, ಪ್ರತಿ ಮೀಟರಿಗೆ ವೇಗ ಎಷ್ಟನೆಯ ಒಂದು ಪಾಲು ಇಳಿಯುತ್ತದೆ ಎಂದು ಹೇಳುವ ಒಂದೇ ಒಂದು ಸಂಖ್ಯೆ ಉಳಿಯುತ್ತದೆ. ಇದನ್ನು ನಾನು ಮುಂದೆ ಕ್ಷಯಾಂಕ ಎಂದು ಕರೆಯುತ್ತೇನೆ. ಎರಡು ಕಡೆ ವೇಗವನ್ನು ಸರಿಯಾಗಿ ಅಳೆದರೆ ಕ್ಷಯಾಂಕ ಸಿಗುತ್ತದೆ. ಆದ್ದರಿಂದ ಬೇಕಾಗಿದ್ದದ್ದು ನಂಬಬಹುದಾದ ಒಂದು ವೇಗಮಾಪಕ.

ಜಾಗ ಸಿಕ್ಕದ್ದು ಗೆಳೆಯರೊಬ್ಬರ ದಾಲ್‌ಮಿಲ್ಲಿನ ಹಿಂದಿನ ಗೋದಾಮಿನಲ್ಲಿ. ಏಪ್ರಿಲ್ ಹೊತ್ತಿಗೆ ತೊಗರಿ ಚೀಲಗಳೆಲ್ಲ ಖಾಲಿಯಾಗಿ, ಒಳಗೆ 26 ಮೀಟರ್ ಉದ್ದದ ನೆರಳು, ಗಾಳಿ ಅಲುಗದ ಸ್ಥಿತಿ, ಆಚೆ ಬದಿಗೆ ಕಿಟಕಿಯಿಲ್ಲದ ಕಲ್ಲಿನ ಗೋಡೆ ಇದ್ದವು. ಆ ಗೋಡೆಗೆ ಮರಳು ತುಂಬಿದ ಗೋಣಿಚೀಲಗಳನ್ನು ಎರಡು ಸಾಲಾಗಿ ಒಟ್ಟಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ಒಂದು ಛರ್ರೆಯನ್ನೂ ಹಾರಿಸಲಿಲ್ಲ. ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಒಳಗೆ ಬಿಡಲಿಲ್ಲ. ಛರ್ರೆ ಸೀಸದ್ದಾದ್ದರಿಂದ ಕೈ ತೊಳೆಯದೆ ಚಹಾ ಮುಟ್ಟಲಿಲ್ಲ. ಈ ರೈಫಲ್ಲಿನ ಶಕ್ತಿ ಏಳು ಜೂಲಿನ ಆಸುಪಾಸಿನದು, ಆದರೆ ಒಂದು ಕಣ್ಣನ್ನು ಕಳೆಯಲು ಅದು ಧಾರಾಳವಾಗಿ ಸಾಕು.

ಅಡಿಪಾಯಕ್ಕೆ ಶಹಾಬಾದ್ ಫರ್ಸಿ ಕಲ್ಲನ್ನು ಆರಿಸಿದೆ. ಮೊದಲು ಪಿವಿಸಿ ಪೈಪಿನ ಚೌಕಟ್ಟು ಮಾಡುವ ಯೋಚನೆಯಿತ್ತು, ಆದರೆ ನಮ್ಮ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಬೆಳಿಗ್ಗೆ ಒಂದು ಉದ್ದ, ಮಧ್ಯಾಹ್ನ ಇನ್ನೊಂದು ಉದ್ದ ಇರುತ್ತದೆ. ಕಲ್ಲು ಅಷ್ಟು ಹಿಗ್ಗುವುದಿಲ್ಲ, ಭಾರದಿಂದಾಗಿ ಅಲುಗುವುದೂ ಇಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ನುಣುಪಾದ ತುಂಡಿನ ಮೇಲೆ ಸಾಗುವಾನಿಯ ಎರಡು ಕಮಾನುಗಳನ್ನು 300 ಮಿ.ಮೀ. ಅಂತರದಲ್ಲಿ ನಿಲ್ಲಿಸಿ, ಅಂಟಿನಿಂದಲೂ ತಿರುಪಿನಿಂದಲೂ ಬಿಗಿದೆ. ಪ್ರತಿ ಕಮಾನಿನ ಒಂದು ಕಂಬದಲ್ಲಿ ಇನ್ಫ್ರಾರೆಡ್ ಎಲ್‌ಇಡಿ, ಎದುರಿನ ಕಂಬದಲ್ಲಿ ಆ ಬೆಳಕನ್ನು ಗ್ರಹಿಸುವ ಫೋಟೊಟ್ರಾನ್ಸಿಸ್ಟರ್; ಇಂಥ ಒಂದು ಜೋಡಿಯೇ ಒಂದು ಗೇಟು. ಛರ್ರೆ ನಡುವೆ ಹಾದಾಗ ಬೆಳಕು ಕಡಿಯುತ್ತದೆ, ಮೊದಲ ಗೇಟು ಗಡಿಯಾರವನ್ನು ಶುರುಮಾಡುತ್ತದೆ, ಎರಡನೆಯದು ನಿಲ್ಲಿಸುತ್ತದೆ. ಕೇಳಲು ಇಷ್ಟೇ ಸರಳ.

ಕಾಲದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಮೇಲು. ಸೆಕೆಂಡಿಗೆ 168 ಮೀಟರ್ ವೇಗದ ಛರ್ರೆ 300 ಮಿ.ಮೀ. ದಾಟಲು 1.79 ಮಿಲಿಸೆಕೆಂಡು ಸಾಕು. ಗಡಿಯಾರವಾಗಿ ಬಳಸಿದ ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯಲ್ಲಿ ಎಲ್ಲರೂ ಬಳಸುವ ಮೈಕ್ರೊಸೆಕೆಂಡಿನ ಆದೇಶ ನಾಲ್ಕು ನಾಲ್ಕು ಮೈಕ್ರೊಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಎಣಿಸುತ್ತದೆ. ಅದೇ ಹಲಗೆಯ ಟೈಮರ್ 1ರ, ಸಂಕೇತ ಬಂದ ಕ್ಷಣವನ್ನು ತಾನೇ ಗುರುತಿಸಿಡುವ, ಇನ್‌ಪುಟ್ ಕ್ಯಾಪ್ಚರ್ ಸೌಲಭ್ಯವನ್ನು 8ನೆಯ ಪಿನ್ನಿನ ಮೂಲಕ ಬಳಸಿದರೆ ಹೆಜ್ಜೆ 62.5 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಈ ಟೈಮರ್ 16 ಬಿಟ್ಟಿನದಾದ್ದರಿಂದ 4.1 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ, ಅಂದರೆ ಸೆಕೆಂಡಿಗೆ 73 ಮೀಟರಿಗಿಂತ ನಿಧಾನದ ವಸ್ತುವನ್ನು ತಪ್ಪಾಗಿ ಓದುತ್ತದೆ. ಛರ್ರೆಗೆ ಆ ಭಯವಿಲ್ಲ. ಎರಡೂ ಗೇಟುಗಳ ಸಂಕೇತಗಳನ್ನು ಎಲ್‌ಎಂ 393 ಕಂಪೇರೇಟರಿನ (ಬೆಳಕು ಕಡಿದದ್ದನ್ನು ಹೌದು-ಅಲ್ಲ ಎಂಬ ಸ್ಪಷ್ಟ ಸಂಕೇತವಾಗಿಸುವ ಚಿಪ್ಪಿನ) ಮೂಲಕ ಹಾಯಿಸಿ, ಒಂದೇ ಪಿನ್ನಿಗೆ ಕೂಡಿಸಿದೆ.

ಬೆಳಕಿನ ಕಾಟ ಎರಡು ದಿನ ತಿಂದಿತು. ಅಂಗಳದಲ್ಲಿ ಪರೀಕ್ಷಿಸಿದಾಗ ಬಿಸಿಲಿನಲ್ಲಿಯೇ ಇರುವ ಇನ್ಫ್ರಾರೆಡ್ಡಿನಿಂದ ಫೋಟೊಟ್ರಾನ್ಸಿಸ್ಟರ್ ತುಂಬಿಹೋಗಿ, ಛರ್ರೆಯ ನೆರಳು ಅದಕ್ಕೆ ತಿಳಿಯಲೇ ಇಲ್ಲ. ಗೋದಾಮಿನಲ್ಲಿ ಆ ತೊಂದರೆ ಹೋಯಿತು, ಆದರೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಯಾರೂ ಹಾರಿಸದಿದ್ದರೂ ಗಡಿಯಾರ ತಾನಾಗಿ ಶುರುವಾಗುತ್ತಿತ್ತು. ಕೊನೆಗೆ ದೀಪಗಳನ್ನೆಲ್ಲ ಆರಿಸಿ, ಎಲ್‌ಇಡಿಗಳನ್ನೂ ಹಲಗೆಯನ್ನೂ 12 ವೋಲ್ಟಿನ ಬ್ಯಾಟರಿಯಿಂದ ನಡೆಸಿ, ಕಂಬಗಳ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿದೆ. ನಳಿಗೆಯ ಬಾಯಿಯಿಂದ ಛರ್ರೆಯ ಜೊತೆಗೆ ಹೊರಡುವ ಎಣ್ಣೆಯ ಹೊಗೆಯೂ ನೆಲದ ತೊಗರಿ ಹೊಟ್ಟಿನ ಧೂಳೂ ಗೇಟನ್ನು ಕೆಣಕುತ್ತಿದ್ದವು. ನೆಲವನ್ನು ಗುಡಿಸಿ ನೀರು ಚಿಮುಕಿಸಿ, ಚೌಕಟ್ಟನ್ನು ನಳಿಗೆಯಿಂದ ಒಂದು ಮೀಟರ್ ದೂರಕ್ಕೆ ಸರಿಸಿದ ಮೇಲೆ ಅವು ನಿಂತವು.

ಮೊದಲ ಇಪ್ಪತ್ತು ಛರ್ರೆಗಳ ಸರಾಸರಿ ಸೆಕೆಂಡಿಗೆ 171 ಮೀಟರ್ ಬಂತು. ಸಂಖ್ಯೆ ನಂಬುವಂತಿತ್ತು, ಮತ್ತು ನಂಬುವಂತಿರುವ ಸಂಖ್ಯೆಯನ್ನೇ ಹೆಚ್ಚು ಪರೀಕ್ಷಿಸಬೇಕು. 6 ಮಿ.ಮೀ. ಉದ್ದದ ಛರ್ರೆ ಬೆಳಕಿನ ಗೆರೆಯನ್ನು ಮರೆಮಾಡುವುದು ಕೇವಲ 36 ಮೈಕ್ರೊಸೆಕೆಂಡು. ಎರಡು ಫೋಟೊಟ್ರಾನ್ಸಿಸ್ಟರುಗಳಲ್ಲಿ ಒಂದು ಬೇಗ ಎಚ್ಚರಗೊಂಡು ಇನ್ನೊಂದು ತಡಮಾಡಿದರೆ ಆ ತಡವೆಲ್ಲ ನೇರವಾಗಿ ಫಲಿತಾಂಶಕ್ಕೆ ಸೇರುತ್ತದೆ. ಇದನ್ನು ಕಂಡುಹಿಡಿಯಲು ಒಂದು ಸುಲಭ ಉಪಾಯವಿದೆ. ಕಲ್ಲನ್ನು ಹಿಂದುಮುಂದಾಗಿ ತಿರುಗಿಸಿ, ಮೊದಲು ಎರಡನೆಯದಾಗಿದ್ದ ಗೇಟು ಈಗ ಮೊದಲನೆಯದಾಗುವಂತೆ ಇಟ್ಟು ಮತ್ತೆ ಹಾರಿಸಬೇಕು. ಒಂದು ದಿಕ್ಕಿನಲ್ಲಿ ಕಾಲದಿಂದ ಕಳೆದುಹೋಗುತ್ತಿದ್ದ ತಡ ಈಗ ಕೂಡುತ್ತದೆ. ತಿರುಗಿಸಿ ಹಾರಿಸಿದ ಇಪ್ಪತ್ತರ ಸರಾಸರಿ 167 ಬಂತು. ಅಂದರೆ ಒಂದು ಗೇಟು ಇನ್ನೊಂದಕ್ಕಿಂತ 21 ಮೈಕ್ರೊಸೆಕೆಂಡು ಮಂದವಾಗಿತ್ತು, ಮತ್ತು ತಡವನ್ನು ತೆಗೆದುಹಾಕಿದ ವೇಗ 169. ಅಂದೇ ಫೋಟೊಟ್ರಾನ್ಸಿಸ್ಟರುಗಳನ್ನು ಕಿತ್ತು, ಅವುಗಳಿಗಿಂತ ಬಹಳ ಚುರುಕಾದ ಬಿಪಿಡಬ್ಲ್ಯು 34 ಫೋಟೊಡಯೋಡುಗಳನ್ನು ಅವೇ ತೂತುಗಳಲ್ಲಿ ಕೂರಿಸಿದೆ. ಆಮೇಲೆ ಎರಡೂ ದಿಕ್ಕಿನಲ್ಲಿ 169 ಬಂತು.

ಇಷ್ಟಾದರೂ ಒಂದೇ ಉಪಕರಣದ ಮಾತನ್ನು ಅದೇ ಉಪಕರಣದಿಂದ ಪೂರ್ತಿಯಾಗಿ ಪರೀಕ್ಷಿಸಲಾಗದು. ಬೆಳಕನ್ನೂ ಗಡಿಯಾರವನ್ನೂ ಬಳಸದ ಬೇರೊಂದು ದಾರಿ ಬೇಕಿತ್ತು, ಮತ್ತು ಆ ದಾರಿ 1742ರಷ್ಟು ಹಳೆಯದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅಂದು ವಿವರಿಸಿದ ಗುಂಡಿನ ಲೋಲಕದಲ್ಲಿ, ತೂಗುಬಿಟ್ಟ ಭಾರವಾದ ಮರದ ದಿಮ್ಮಿಯೊಳಗೆ ಗುಂಡು ಹೊಕ್ಕು ಕೂರುತ್ತದೆ. ದಿಮ್ಮಿ ಎಷ್ಟು ದೂರ ಜೀಕಿತೆಂಬುದರಿಂದ ಸಂವೇಗವೂ, ಸಂವೇಗದಿಂದ ಗುಂಡಿನ ವೇಗವೂ ಸಿಗುತ್ತವೆ. ಗುಂಡಿನ ಮೇಲೆ ಗಾಳಿಯ ತಡೆ ಆವರೆಗಿನ ಪಂಡಿತರು ನಂಬಿದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದೆಂದು ಅವರು ತೋರಿಸಿದ್ದು ಇದರಿಂದಲೇ. ಬೀದರ್ ಕೋಟೆಯ ಬುರುಜಿನ ಮೇಲಿನ ತೋಪುಗಳ ಮುಂದೆ ನಿಂತಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ. ಅಂಥ ತೋಪುಗಳನ್ನು ಸಿಡಿಸುತ್ತಿದ್ದವರು ಗಾಳಿಯ ಲೆಕ್ಕವನ್ನು ಕಾಗದದಲ್ಲಿ ಅಲ್ಲ, ಕೈಯ ಅನುಭವದಲ್ಲಿ ಹಿಡಿದಿಟ್ಟುಕೊಂಡಿರಬೇಕು.

ನನ್ನ ಲೋಲಕಕ್ಕೆ 40 ಮಿ.ಮೀ. ಪೈಪಿನ ಒಂದು ತುಂಡಿನ ಹಿಂಬದಿಗೆ ಮುಚ್ಚಳ ಹಾಕಿ, ಒಳಗೆ ಹದವಾಗಿ ನಾದಿದ ಎರೆ ಮಣ್ಣನ್ನು ತುಂಬಿದೆ. ಗಟ್ಟಿಯಾದ ವಸ್ತು ತುಂಬಿದರೆ ಛರ್ರೆ ಪುಟಿದು ಹಿಂದಕ್ಕೆ ಬರುತ್ತದೆ, ಆಗ ಲೋಲಕ ಪಡೆಯುವ ಸಂವೇಗ ಹೆಚ್ಚಾಗಿ ವೇಗವೂ ಹೆಚ್ಚಾಗಿ ಕಾಣುತ್ತದೆ; ಎರೆ ಮಣ್ಣು ಛರ್ರೆಯನ್ನು ಸದ್ದಿಲ್ಲದೆ ನುಂಗುತ್ತದೆ. ಒಟ್ಟು ತೂಕ 200 ಗ್ರಾಂ. ತಿರುಗದೆ ನೇರವಾಗಿ ಜೀಕಲೆಂದು ಒಂದು ಮೀಟರ್ ಉದ್ದದ ನಾಲ್ಕು ದಾರಗಳಿಂದ ತೂಗುಬಿಟ್ಟು, ಹಿಂದೆ ಹಗುರವಾದ ಕಾಗದದ ಸೂಚಿಯನ್ನು ಅಳತೆಪಟ್ಟಿಯ ಮೇಲೆ ಜಾರುವಂತೆ ಇಟ್ಟೆ. ಗುರುತ್ವಕ್ಕೆ 9.81 ಹಾಕಲಿಲ್ಲ; 17 ಡಿಗ್ರಿ ಅಕ್ಷಾಂಶದ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಅದು 9.78. ನಳಿಗೆಯಿಂದ ಲೋಲಕಕ್ಕೆ ಮೂರು ಮೀಟರ್.

ಮಧ್ಯಾಹ್ನವೆಲ್ಲ ಹಾರಿಸಿ, ಪ್ರತಿ ಛರ್ರೆಯ 0.53 ಗ್ರಾಮನ್ನು ತಪ್ಪದೆ ಲೋಲಕದ ತೂಕಕ್ಕೆ ಕೂಡಿಸುತ್ತ ಬಂದೆ. ಜೀಕು ಸರಾಸರಿ 143 ಮಿ.ಮೀ., ವೇಗ ಸೆಕೆಂಡಿಗೆ 169 ಮೀಟರ್. ವೇಗಮಾಪಕವೂ 169, ಲೋಲಕವೂ 169. ಕೆಲಸ ಮುಗಿಯಿತೆಂದು ಪುಸ್ತಕದಲ್ಲಿ ಬರೆದು ಮನೆಗೆ ಹೋದೆ.

ರಾತ್ರಿ ಆ ಎರಡು ಸಂಖ್ಯೆಗಳನ್ನು ಮತ್ತೆ ನೋಡುವಾಗ ಮನಸ್ಸಿಗೆ ಬಂತು: ಅವು ಹೊಂದಬಾರದಿತ್ತು. ವೇಗಮಾಪಕ ನಳಿಗೆಯಿಂದ ಒಂದು ಮೀಟರಿನಲ್ಲಿದೆ, ಲೋಲಕ ಮೂರು ಮೀಟರಿನಲ್ಲಿ. ನಡುವಿನ ಎರಡು ಮೀಟರ್ ಗಾಳಿ ಛರ್ರೆಯಿಂದ ಸೆಕೆಂಡಿಗೆ ಮೂರು ಮೀಟರಾದರೂ ವೇಗವನ್ನು ಕಿತ್ತುಕೊಳ್ಳಬೇಕು. ನಾನು ಅಳೆಯಲು ಹೊರಟಿದ್ದ ಗಾಳಿಯ ತಡೆಯೇ ಲೆಕ್ಕದಿಂದ ಮಾಯವಾಗಿತ್ತು. ಎರಡೂ ಉಪಕರಣಗಳು ಸರಿಯಾಗಿದ್ದರೆ ಅವು ಬೇರೆ ಬೇರೆ ಸಂಖ್ಯೆ ಹೇಳಬೇಕು. ಒಂದೇ ಹೇಳುತ್ತಿವೆ ಎಂದರೆ ಕನಿಷ್ಠ ಒಂದು ತಪ್ಪು.

ಮರುದಿನ ಗೋದಾಮಿಗೆ ಹೋದಾಗ, ಅಲ್ಲಿ ಹಮಾಲಿ ಮಾಡುವ ಹಿರಿಯರೊಬ್ಬರು ಲೋಲಕವನ್ನು ಕೈಯಲ್ಲಿ ಹಿಡಿದು ನೋಡುತ್ತ ಹೇಳಿದರು: "ಮಾಸ್ತರ್ರ, ಎರಿ ಮಣ್ಣು ಆರಿ ಬಿರದದ ನೋಡ್ರಿ." ಹೊಲದಲ್ಲಿ ಏಪ್ರಿಲ್ ತಿಂಗಳಿನಲ್ಲಿ ಬೀಳುವಂಥ ಬಿರುಕು ಆ ಪುಟ್ಟ ಪೈಪಿನ ಬಾಯಲ್ಲಿಯೂ ಬಿದ್ದಿತ್ತು. ಹೊಸದಾಗಿ ಅದೇ ಹದದಲ್ಲಿ ಮಣ್ಣು ತುಂಬಿ, 38 ಡಿಗ್ರಿಯ ಆ ಗೋದಾಮಿನಲ್ಲಿ ಅಷ್ಟೇ ಹೊತ್ತು ಇಟ್ಟು ತೂಗಿದೆ. ಏಳು ಗ್ರಾಂ ಕಡಿಮೆಯಾಗಿತ್ತು. ಸೇರುವ ಸೀಸವನ್ನು ಲೆಕ್ಕಕ್ಕೆ ಹಿಡಿದಿದ್ದೆ, ಆರುವ ನೀರನ್ನು ಹಿಡಿದಿರಲಿಲ್ಲ. ಲೋಲಕ ಶೇಕಡಾ ಮೂರೂವರೆಯಷ್ಟು ಹಗುರಾಗಿ, ಅಷ್ಟೇ ಹೆಚ್ಚು ಜೀಕಿತ್ತು. ಆಮೇಲೆ ಒಣಗಿಸಿ ಜರಡಿ ಹಿಡಿದ ಎರೆ ಮಣ್ಣನ್ನು ನೀರಿನ ಬದಲು ಕುಸುಬಿ ಎಣ್ಣೆಯಲ್ಲಿ ನಾದಿದೆ. ಅದು ನೀರಿನಂತೆ ಬೇಗ ಆರುವುದಿಲ್ಲ, ಬಿರಿಯುವುದಿಲ್ಲ. ಬೆಳಿಗ್ಗೆ ತೂಗಿದ ತೂಕ ಸಂಜೆಗೂ ಅಷ್ಟೇ ಇತ್ತು. ಹೊಸ ಸರಾಸರಿ ಜೀಕು 138 ಮಿ.ಮೀ., ವೇಗ 163.

ಈಗ ಲೋಲಕವನ್ನು ನಂಬಿದೆ, ಆದರೆ ತಕರಾರು ಇನ್ನೊಂದು ಬದಿಗೆ ಹೋಯಿತು. ಎರಡು ಮೀಟರ್ ಗಾಳಿಗೆ ಮೂರು ಬಿಟ್ಟರೆ ವೇಗಮಾಪಕ 166 ಹೇಳಬೇಕಿತ್ತು, ಹೇಳುತ್ತಿದ್ದದ್ದು 169. ಗಡಿಯಾರ ಸರಿ, ಫೋಟೊಡಯೋಡುಗಳು ಸರಿ, ಉಳಿದದ್ದು ಅಂತರ. 300 ಮಿ.ಮೀ. ಎಂದು ನಾನು ಅಳೆದದ್ದು ಕಂಬಗಳ ಹೊರಮೈಯ ತೂತಿನಿಂದ ತೂತಿಗೆ. ಛರ್ರೆ ಹೋಗುವುದು ಕಂಬದ ಹೊರಮೈಯಲ್ಲಿ ಅಲ್ಲ, ನಡುವಿನಲ್ಲಿ. ಸೈಕಲ್ಲಿನ ಒಂದು ನೇರ ಕಡ್ಡಿಯನ್ನು ವರ್ನಿಯರ್ ಕ್ಯಾಲಿಪರಿನ ಜಾರುವ ದವಡೆಗೆ ಕಟ್ಟಿ, ಛರ್ರೆಯ ದಾರಿಯಲ್ಲಿಯೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಸರಿಸುತ್ತ, ಕಂಪೇರೇಟರಿನ ದೀಪ ಎಲ್ಲಿ ಆರುತ್ತದೆಂದು ಎರಡೂ ಗೇಟುಗಳಲ್ಲಿ ಗುರುತು ಹಾಕಿದೆ. ಅಂತರ 295 ಮಿ.ಮೀ. ಬಂತು. ಒಂದು ಕಂಬದ ತೂತನ್ನು ಡ್ರಿಲ್ಲು ತುಸು ಓರೆಯಾಗಿ ಕೊರೆದಿತ್ತು, ಬೆಳಕಿನ ಗೆರೆ ಓರೆಯಾಗಿ ಹಾಯುತ್ತಿತ್ತು. 295ನ್ನು ಹಾಕಿದ ಕೂಡಲೇ ವೇಗ 166.2ಕ್ಕೆ ಬಂದು ಕೂತಿತು.

ಆ ಐದು ಮಿಲಿಮೀಟರ್ ಎಷ್ಟು ದೊಡ್ಡದೆಂದು ಹುಡುಗನಿಗೆ ಹೇಳಿದ್ದು ಹೀಗೆ. ಅದು ವೇಗದಲ್ಲಿ ಶೇಕಡಾ 1.7ರ ತಪ್ಪು. ಬೀಳುವ ದೂರ ಹೆಚ್ಚುಕಡಿಮೆ ಕಾಲದ ವರ್ಗವನ್ನು ಅನುಸರಿಸುವುದರಿಂದ, ಮೊದಲು ಹೇಳಿದ 790 ಮೀಟರ್ ವೇಗದ ಗುಂಡಿಗೆ ಅದೇ ಪ್ರಮಾಣದ ತಪ್ಪು 1000 ಮೀಟರಿನಲ್ಲಿ ಸುಮಾರು 40 ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ಆಗುತ್ತದೆ. ದೂರದ ಗುರಿಯವರು ಒಂದೊಂದು ತೋಟಾದಲ್ಲಿಯೂ ಮದ್ದನ್ನು ಅಷ್ಟು ಸೂಕ್ಷ್ಮವಾಗಿ ತೂಗಿ ತುಂಬುವುದು ಇದೇ ಕಾರಣಕ್ಕೆ: ಒಂದು ತೋಟಾ ಇನ್ನೊಂದಕ್ಕಿಂತ ಸೆಕೆಂಡಿಗೆ ಐದು ಮೀಟರ್ ವೇಗವಾಗಿ ಹೊರಟರೆ ನೂರು ಮೀಟರಿನಲ್ಲಿ ಯಾರಿಗೂ ತಿಳಿಯುವುದಿಲ್ಲ, ಸಾವಿರ ಮೀಟರಿನಲ್ಲಿ ಅದು ಗೇಣಿನ ಹತ್ತಿರಕ್ಕೆ ಬರುತ್ತದೆ.

ಮುಂದಿನ ಹಂತಕ್ಕೆ ಚೌಕಟ್ಟನ್ನು ಬದಲಿಸಬೇಕಾಯಿತು. 20 ಮೀಟರಿನಲ್ಲಿ ನನ್ನ ಛರ್ರೆಗಳು ಎರಡು ಸೆಂಟಿಮೀಟರಿನಷ್ಟು ಹರಡುತ್ತವೆ. ಐದು ಮಿಲಿಮೀಟರಿನ ಒಂದೇ ಬೆಳಕಿನ ಗೆರೆಗೆ ಅವು ಸಿಗುವುದಿಲ್ಲ. ಪ್ರತಿ ಗೇಟಿಗೆ ಎಂಟು ಎಲ್‌ಇಡಿ, ಎಂಟು ಫೋಟೊಡಯೋಡುಗಳನ್ನು ಒತ್ತಾಗಿ ಜೋಡಿಸಿ 60 ಮಿ.ಮೀ. ಎತ್ತರದ ಬೆಳಕಿನ ಪರದೆ ಮಾಡಿ, ಈ ಸಲ ಕಂಬಗಳನ್ನು ಡ್ರಿಲ್ ಸ್ಟ್ಯಾಂಡಿನಲ್ಲಿ ಕೊರೆಸಿ, ಸೈಕಲ್ ಕಡ್ಡಿಯಿಂದ ಮೂರು ಎತ್ತರಗಳಲ್ಲಿ ಅಂತರ ಅಳೆದೆ. ಚೌಕಟ್ಟಿನ ಮುಂದೆ ಕಿಂಡಿಯಿರುವ ದಪ್ಪ ಹಲಗೆಯೊಂದು ಕಾವಲಿಗೆ ನಿಂತಿತು; ಅದಕ್ಕೆ ಈಗ ಹನ್ನೊಂದು ಗಾಯಗಳಾಗಿವೆ.

ನಳಿಗೆಯಿಂದ 1 ಮೀಟರಿನಲ್ಲಿ 166.2, 11 ಮೀಟರಿನಲ್ಲಿ 151.4, 21 ಮೀಟರಿನಲ್ಲಿ 137.8. ಮೊದಲ ಹತ್ತು ಮೀಟರಿನಲ್ಲಿ ಸುಮಾರು 15, ಮುಂದಿನ ಹತ್ತರಲ್ಲಿ ಸುಮಾರು 14 ಇಳಿದಿದೆ, ಆದರೆ ಶೇಕಡಾವಾರು ಇಳಿಕೆ ಎರಡರಲ್ಲಿಯೂ ಒಂದೇ; ತಡೆ ವೇಗದ ವರ್ಗಕ್ಕೆ ಅನುಪಾತವಾಗಿದ್ದರೆ ಹೀಗೆಯೇ ಆಗಬೇಕು. ಕ್ಷಯಾಂಕ ಮೀಟರಿಗೆ 0.0094. ಗೋದಾಮಿನ ಗಾಳಿಯ ಒತ್ತಡ 957 ಹೆಕ್ಟೊಪಾಸ್ಕಲ್, ಉಷ್ಣತೆ 38 ಡಿಗ್ರಿ, ಅದರಿಂದ ಸಾಂದ್ರತೆ ಘನ ಮೀಟರಿಗೆ 1.07 ಕಿಲೋಗ್ರಾಂ, ಇವುಗಳಿಂದ ಛರ್ರೆಯ ತಡೆ ಗುಣಾಂಕ ಸುಮಾರು 0.59. ಹುಡುಗನನ್ನು ಸುಮ್ಮನಾಗಿಸಿದ್ದು ಇನ್ನೊಂದು ಲೆಕ್ಕ. ನಳಿಗೆ ಬಿಟ್ಟ ಕ್ಷಣದಲ್ಲಿ ಛರ್ರೆಯನ್ನು ಹಿಂದಕ್ಕೆ ತಳ್ಳುವ ಗಾಳಿಯ ಬಲ ಅದರ ಸ್ವಂತ ತೂಕದ ಸುಮಾರು 27 ಪಟ್ಟು. ಆ 7.8 ಮಿ.ಮೀ. ಗುಂಡಿಗೆ, ಅಷ್ಟು ಚೂಪಾಗಿ ನುಣುಪಾಗಿದ್ದರೂ, ವೇಗ ಹೆಚ್ಚಿರುವುದರಿಂದ ಅದು ಸುಮಾರು 50 ಪಟ್ಟು. ಗುರುತ್ವವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಸೂತ್ರ ಯಾಕೆ ಸೋಲುತ್ತದೆಂದು ಇನ್ನು ಹೇಳಬೇಕಾಗಿರಲಿಲ್ಲ.

ಆದರೂ ಗುಂಡಿನ ಕ್ಷಯಾಂಕ, ಉದ್ದವಾದ ದೇಹದಲ್ಲಿ ಹೆಚ್ಚು ತೂಕವಿರುವುದರಿಂದ, ಛರ್ರೆಯದಕ್ಕಿಂತ ಹನ್ನೆರಡು ಪಟ್ಟು ಚಿಕ್ಕದು. ಗೋದಾಮಿನಲ್ಲಿ ನಾನು ಅಳೆದ 20 ಮೀಟರ್ ಅದರ ಪಾಲಿಗೆ ಸುಮಾರು 240 ಮೀಟರ್ ಇದ್ದಂತೆ. ಈ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಛರ್ರೆ ಶಬ್ದಕ್ಕಿಂತ ನಿಧಾನ, ಗುಂಡು ಶಬ್ದದ ಎರಡು ಪಟ್ಟಿಗಿಂತ ವೇಗ. ಶಬ್ದದ ವೇಗದ ಹತ್ತಿರಕ್ಕೆ ಇಳಿಯುವಾಗ ಗುಂಡಿನ ತಡೆ ಗುಣಾಂಕ ಏರಿ, ಗಾಳಿಯ ಒತ್ತಡ ಬೀಳುವ ಕೇಂದ್ರ ಜಾಗ ಬದಲಿಸಿ, ಅಲ್ಲಿಯವರೆಗೆ ನೆಟ್ಟಗಿದ್ದ ಗುಂಡು ತಲೆಯಾಡಿಸತೊಡಗಬಹುದು. ಅಮೆರಿಕದಲ್ಲಿ ಎರಡು ಮೈಲಿ, ಅಂದರೆ 3.2 ಕಿಲೋಮೀಟರ್ ದೂರದ ಗುರಿಗೆ ನಡೆಯುವ ಸ್ಪರ್ಧೆಗಳಲ್ಲಿ ಈ ಗಡಿಯನ್ನು ದಾಟಿಯೂ ಹದ ತಪ್ಪದ ಗುಂಡೇ ದೊಡ್ಡ ಸವಾಲು. ಛರ್ರೆ ಹಿಂಬದಿಯ ಲಂಗದಂಥ ಆಕಾರದಿಂದ, ಬ್ಯಾಡ್ಮಿಂಟನ್ ಹೂವಿನ ಹಾಗೆ, ನೆಟ್ಟಗೆ ಹಾರುತ್ತದೆ. ಗುಂಡಿಗೆ ಆ ಆಸರೆಯಿಲ್ಲ, ಅದನ್ನು ನೆಟ್ಟಗಿಡುವುದು ಬುಗುರಿಯಂತೆ ತಿರುಗುವುದು ಮಾತ್ರ. 254 ಮಿ.ಮೀ.ಗೆ ಒಂದು ಸುತ್ತು ಹಾಕಿಸುವ ನಳಿಗೆಯಿಂದ 790 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ 3,100 ಸುತ್ತು ತಿರುಗುತ್ತಿರುತ್ತದೆ, ಮತ್ತು ಆ ತಿರುಗುವಿಕೆಯಿಂದಲೇ 1000 ಮೀಟರಿಗೆ ಸುಮಾರು ಒಂದು ಗೇಣು ಬದಿಗೆ ಸರಿಯುತ್ತದೆ.

ಹಾರಾಟವನ್ನು ಪುಟ್ಟ ಪುಟ್ಟ ಹೆಜ್ಜೆಗಳಾಗಿ ಲೆಕ್ಕ ಹಾಕುವ ರುಂಗೆ–ಕುಟ್ಟಾ ವಿಧಾನದ ಒಂದು ಪುಟದ ಪ್ರೋಗ್ರಾಮನ್ನು ಹುಡುಗನೇ ಬರೆದ. ಗಾಳಿಯ ಸಾಂದ್ರತೆಯನ್ನು ಸೊನ್ನೆ ಮಾಡಿದಾಗ ಪುಸ್ತಕದ ಸೂತ್ರದ ಉತ್ತರವೇ ಬರುತ್ತದೆಂದು ಮೊದಲು ಖಚಿತಪಡಿಸಿಕೊಂಡೆವು. ಭೂಮಿಯ ತಿರುಗುವಿಕೆಯನ್ನೂ ಅದರಲ್ಲಿ ಸೇರಿಸಿದ. 2000 ಮೀಟರನ್ನು 4 ಸೆಕೆಂಡಿನಲ್ಲಿ ದಾಟುವ ಗುಂಡನ್ನು ಕಲಬುರಗಿಯ ಅಕ್ಷಾಂಶದಲ್ಲಿ ಹಾರಿಸಿದರೆ, ಕೊರಿಯೊಲಿಸ್ ಪರಿಣಾಮದಿಂದ ಅದು ಬಲಕ್ಕೆ 17 ಸೆಂ.ಮೀ. ಸರಿಯುತ್ತದೆ; ಆದರೆ ಪೂರ್ವಕ್ಕೆ ಹಾರಿಸಿದರೆ 56 ಸೆಂ.ಮೀ. ಮೇಲೆ, ಪಶ್ಚಿಮಕ್ಕೆ ಹಾರಿಸಿದರೆ ಅಷ್ಟೇ ಕೆಳಗೆ ಹೋಗುತ್ತದೆ. ಯುರೋಪಿನ ಅಕ್ಷಾಂಶಗಳಲ್ಲಿ ಬದಿಯ ಸರಿತ ದೊಡ್ಡದಾಗುತ್ತದೆ, ನಮ್ಮಂತೆ ಭೂಮಧ್ಯರೇಖೆಯ ಹತ್ತಿರ ಇರುವವರಿಗೆ ಮೇಲೆಕೆಳಗಿನದೇ ಮುಖ್ಯ.

ಅಡ್ಡಗಾಳಿಯನ್ನು ಮಾತ್ರ ಕಾಗದದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಗುಂಡು ಬದಿಗೆ ಸರಿಯುವುದು ಹಾರಾಟದ ಪೂರ್ತಿ ಕಾಲಕ್ಕೆ ತಕ್ಕಂತೆ ಎಂದು ಬಹಳ ಜನ ತಿಳಿಯುತ್ತಾರೆ. ನಿಜವಾಗಿ ಅದು ಗಾಳಿಯ ತಡೆಯಿಂದಾದ ವಿಳಂಬಕ್ಕೆ ಮಾತ್ರ ತಕ್ಕಂತೆ: ಗಾಳಿಯಿಲ್ಲದ ಜಾಗಕ್ಕಿಂತ ಎಷ್ಟು ಸೆಕೆಂಡು ಹೆಚ್ಚು ಹಿಡಿಯಿತೋ ಅದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ ಸಿಗುತ್ತದೆ. ನಮ್ಮ 790ರ ಗುಂಡಿಗೆ 1000 ಮೀಟರಿನಲ್ಲಿ ವಿಳಂಬ 0.58 ಸೆಕೆಂಡು, ಎಲೆ ಅಲುಗಿಸುವಷ್ಟೇ ಇರುವ ಸೆಕೆಂಡಿಗೆ 3 ಮೀಟರ್ ಗಾಳಿಗೆ ಅದು 1.7 ಮೀಟರ್ ಸರಿಯುತ್ತದೆ. ಗಾಳಿ ದಾರಿಯ ಯಾವ ಭಾಗದಲ್ಲಿ ಬೀಸಿದರೆ ಹೆಚ್ಚು ಪೆಟ್ಟು ಎಂಬ ಪ್ರಶ್ನೆಗೆ ಕೂಲರ್‌ಗಳು ಉತ್ತರ ಕೊಟ್ಟವು. ಬೇಸಿಗೆಯಲ್ಲಿ ಕಲಬುರಗಿಯ ಮನೆಮನೆಯಲ್ಲಿರುವ ದೊಡ್ಡ ಕೂಲರ್‌ಗಳಲ್ಲಿ ಎರಡನ್ನು ನೀರು ಹಾಕದೆ, ಛರ್ರೆಯ ದಾರಿಗೆ ಅಡ್ಡವಾಗಿ ಒತ್ತಟ್ಟಿಗೆ ಇಟ್ಟು, ಎರಡು ಮೀಟರ್ ಅಗಲಕ್ಕೆ ಸೆಕೆಂಡಿಗೆ 5 ಮೀಟರಿನ ಗಾಳಿ ಬೀಸುವಂತೆ ಮಾಡಿದೆ. ನಳಿಗೆಯ ಹತ್ತಿರ, 3 ಮೀಟರಿನಲ್ಲಿ ಇಟ್ಟಾಗ 20 ಮೀಟರಿನ ಕಾಗದದ ಮೇಲೆ ಛರ್ರೆಗಳ ಗುಂಪಿನ ನಡುಬಿಂದು 10 ಮಿ.ಮೀ. ಸರಿಯಿತು; ಅವೇ ಕೂಲರ್‌ಗಳನ್ನು 17 ಮೀಟರಿಗೆ ಒಯ್ದಾಗ 2 ಮಿ.ಮೀ. ಮಾತ್ರ. ಪ್ರೋಗ್ರಾಮಿನ ಉತ್ತರ 11 ಮತ್ತು 2. ಮೊದಲೇ ಬದಿಗೆ ತಳ್ಳಿಸಿಕೊಂಡ ಛರ್ರೆಗೆ ಆ ಓರೆಯಲ್ಲಿಯೇ ಸಾಗಲು ಉಳಿದ ದಾರಿಯೆಲ್ಲ ಇರುತ್ತದೆ. ಪ್ರತಿ ಜಾಗಕ್ಕೂ ನಲವತ್ತು ಛರ್ರೆ ಹಾರಿಸದಿದ್ದರೆ, ಎರಡು ಸೆಂಟಿಮೀಟರ್ ಹರಡುವ ಗುಂಪಿನಲ್ಲಿ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಉಳಿದದ್ದು ಸಾಂದ್ರತೆಯ ಪರೀಕ್ಷೆ, ಅದಕ್ಕೆ ಚಳಿಗಾಲದವರೆಗೆ ಕಾಯಬೇಕಾಯಿತು. 42 ಡಿಗ್ರಿಯ ಮೇ ಮಧ್ಯಾಹ್ನದ ಗಾಳಿಗಿಂತ 14 ಡಿಗ್ರಿಯ ಡಿಸೆಂಬರ್ ಮುಂಜಾನೆಯ ಗಾಳಿ ಸುಮಾರು ಶೇಕಡಾ ಹತ್ತು ದಟ್ಟ. 1000 ಮೀಟರಿನ ಗುರಿಯಲ್ಲಿ ಇದೊಂದರಿಂದಲೇ ಗುಂಡು ಅರ್ಧ ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. 600 ಮೀಟರಿಗಿಂತ ಎತ್ತರದಲ್ಲಿರುವ ಬೀದರಿನಲ್ಲಿ ಅದೇ ಉಷ್ಣತೆಗೆ ಗಾಳಿ ಇನ್ನಷ್ಟು ತೆಳು. ಮಳೆಗಾಲದ ಗಾಳಿ ಭಾರವೆಂದು ನಮ್ಮಲ್ಲಿ ಹೇಳುವ ರೂಢಿಯಿದೆ, ಆದರೆ ನೀರಿನ ಅಣು ಗಾಳಿಯ ಉಳಿದ ಅಣುಗಳಿಗಿಂತ ಹಗುರವಾದ್ದರಿಂದ ಅದೇ ಒತ್ತಡ, ಅದೇ ಉಷ್ಣತೆಯಲ್ಲಿ ತೇವದ ಗಾಳಿಯೇ ತುಸು ಹಗುರ.

ತೊಗರಿ ಇನ್ನೂ ಹೊಲದಲ್ಲಿದ್ದು ಗೋದಾಮು ಖಾಲಿಯಿದ್ದ ಡಿಸೆಂಬರಿನ ಒಂದು ಮುಂಜಾನೆ, 16 ಡಿಗ್ರಿಯಲ್ಲಿ, ಶಹಾಬಾದ್ ಕಲ್ಲನ್ನು ಮತ್ತೆ ಅದೇ ಗುರುತುಗಳ ಮೇಲೆ ಇಟ್ಟೆವು. ಚಳಿಗೆ ಸ್ಪ್ರಿಂಗಿನ ಮತ್ತು ಗ್ರೀಸಿನ ಸ್ವಭಾವ ಬದಲಾಗಿ ನಳಿಗೆಯ ವೇಗವೇ ಬೇರೆಯಾಗಬಹುದಾದ್ದರಿಂದ, ವೇಗಗಳನ್ನಲ್ಲ, 21 ಮೀಟರಿನ ವೇಗವನ್ನು 1 ಮೀಟರಿನ ವೇಗದಿಂದ ಭಾಗಿಸಿದ ಪ್ರಮಾಣವನ್ನು ಹೋಲಿಸುವುದೆಂದು ಮೊದಲೇ ನಿರ್ಧರಿಸಿದ್ದೆವು. ಏಪ್ರಿಲಿನಲ್ಲಿ ಅದು 0.829 ಇತ್ತು. 1.16ರ ಸಾಂದ್ರತೆಗೆ ಹುಡುಗನ ಪ್ರೋಗ್ರಾಮು 0.816 ಎಂದು ಹೇಳಿತ್ತು. ಆ ಸಂಖ್ಯೆಯನ್ನು ಅವನು ಹಾರಿಸುವ ಮುಂಚೆಯೇ ಸುಣ್ಣದಕಡ್ಡಿಯಿಂದ ಗೋಡೆಯ ಮೇಲೆ ಬರೆದ. ಎರಡೂ ಕಡೆ ನಲವತ್ತು ನಲವತ್ತು ಛರ್ರೆಗಳನ್ನು ಹಾರಿಸಿ ಮುಗಿಸಿದಾಗ ನಮ್ಮ ಅಳತೆ 0.818 ಬಂತು, ಅದನ್ನು ಅವನು ಅದರ ಕೆಳಗೆ ಬರೆದ.